ಜಾಂಗೋ 2.2ರಿಂದ 5.2ಕ್ಕೆ ಹೋಗುವಾಗ ಡೇಟಾಬೇಸ್ ಸೆಟ್ಟಿಂಗ್ಸ್‌ನಲ್ಲಿ ಏನೇನು ಬದಲಾಯಿಸಬೇಕು?

ಪ್ರಶ್ನೆ (ಸಾಗರದಿಂದ)

ಎಲ್ಲರಿಗೂ ನಮಸ್ಕಾರ. ಸಾಗರದ ಕಡೆಯ ಒಂದು ಅಡಿಕೆ ಮಾರಾಟ ಸಹಕಾರ ಸಂಘದ ಲೆಕ್ಕದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಬೆಳೆಗಾರರು ತಂದ ಮೂಟೆಗಳ ತೂಕ, ರಾಶಿಯೋ ಚಾಲಿಯೋ ಕೆಂಪುಗೋಟೋ ಎಂಬ ವಿಂಗಡಣೆ, ಟೆಂಡರಿನಲ್ಲಿ ನಿಂತ ದರ, ಸದಸ್ಯರ ಖಾತೆಗೆ ಜಮೆ, ಮುಂಗಡದ ಬಡ್ಡಿ ಎಲ್ಲವೂ ಅದರಲ್ಲಿಯೇ ನಡೆಯುತ್ತದೆ. ಮೊದಲು ಬರೆದವರು ಈಗ ಬೇರೆ ಊರಿನಲ್ಲಿದ್ದಾರೆ. ಕೋಡ್ ಚೊಕ್ಕವಾಗಿದೆ. ಆದರೆ ಅದು ನಿಂತಿರುವುದು ಜಾಂಗೋ ಎಂಬ ಪೈಥಾನ್ ವೆಬ್ ಚೌಕಟ್ಟಿನ 2.2ನೇ ಆವೃತ್ತಿಯ ಮೇಲೆ. ಯಂತ್ರದಲ್ಲಿರುವುದು ಉಬುಂಟು 18.04, ಪೈಥಾನ್ 3.6, ಡೇಟಾಬೇಸ್ ಪೋಸ್ಟ್‌ಗ್ರೆಸ್ 10. ಜಾಂಗೋ 2.2ಕ್ಕೆ ಭದ್ರತಾ ತಿದ್ದುಪಡಿಗಳು 2022ರ ಏಪ್ರಿಲ್‌ಗೇ ಮುಗಿದವು. ಸದಸ್ಯರ ಬ್ಯಾಂಕ್ ಖಾತೆಯ ವಿವರಗಳಿರುವ ಜಾಗವನ್ನು ಹೀಗೆಯೇ ಬಿಡಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಹೊಸ ಕೊಯ್ಲಿನ ಮಾಲು ಬರತೊಡಗುವ ಮೊದಲೇ 5.2ಕ್ಕೆ ಹೋಗಿಬಿಡಬೇಕು ಎಂದುಕೊಂಡಿದ್ದೇನೆ. ಆ ಆವೃತ್ತಿಗೆ 2028ರ ಏಪ್ರಿಲ್‌ವರೆಗೆ ಬೆಂಬಲವಿದೆ.

ಲ್ಯಾಪ್‌ಟಾಪಿನಲ್ಲಿ ಕೋಡಿನ ಒಂದು ಪ್ರತಿಯನ್ನು ಇಟ್ಟುಕೊಂಡು ನೇರವಾಗಿ 5.2 ಹಾಕಿ ನೋಡಿದೆ. ಮೊದಲು ಬಂದ ದೋಷ: ‘ಪೋಸ್ಟ್‌ಗ್ರೆಸ್‌ಕ್ಯೂಎಲ್_ಸೈಕಾಪ್‌ಜಿ2’ ಎಂಬ ಬ್ಯಾಕೆಂಡ್ ಲಭ್ಯವಿಲ್ಲ. ಡೇಟಾಬೇಸ್ ಸೆಟ್ಟಿಂಗ್ಸ್‌ನ ಎಂಜಿನ್ ಸಾಲಿನಲ್ಲಿ ಆ ಹೆಸರೇ ಇತ್ತು, ಅದನ್ನು ಬರೀ ‘ಪೋಸ್ಟ್‌ಗ್ರೆಸ್‌ಕ್ಯೂಎಲ್’ ಎಂದು ಮಾಡಿದೆ. ಆಮೇಲೆ ‘ಪೋಸ್ಟ್‌ಗ್ರೆಸ್ 14 ಅಥವಾ ನಂತರದ್ದು ಬೇಕು’ ಎಂದು ಹೇಳಿ ನಿಂತಿತು. ಪ್ರತಿ ಮಾಡೆಲ್‌ಗೂ (ಕೋಡಿನಲ್ಲಿ ಒಂದು ಟೇಬಲ್‌ನ ವಿವರಣೆ) ಒಂದೊಂದರಂತೆ ‘ಡಬ್ಲ್ಯು042’ ಎಂಬ ಎಚ್ಚರಿಕೆ ಪುಟಗಟ್ಟಲೆ ಬಂತು. ಹೊಸ ಪ್ರಾಜೆಕ್ಟ್ ಒಂದನ್ನು ಸೃಷ್ಟಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿದ್ದ ‘ಡಿಫಾಲ್ಟ್_ಆಟೋ_ಫೀಲ್ಡ್ = ಬಿಗ್‌ಆಟೋಫೀಲ್ಡ್’ ಸಾಲನ್ನು (ಟೇಬಲ್‌ಗಳ ಐಡಿ ಯಾವ ಬಗೆಯದೆಂದು ಹೇಳುವ ಸಾಲು) ತಂದು ಹಾಕಿದಾಗ ಎಚ್ಚರಿಕೆಗಳು ಹೋದವು. ಆದರೆ ‘ಮೇಕ್‌ಮೈಗ್ರೇಷನ್ಸ್’ ಓಡಿಸಿದರೆ ಎಲ್ಲ ಟೇಬಲ್‌ಗಳಿಗೂ ಹೊಸ ಮೈಗ್ರೇಷನ್ (ಟೇಬಲ್ ಬದಲಾಯಿಸುವ ಕಡತ) ಬರೆಯಲು ಹೊರಟಿತು. ಅಲ್ಲಿಗೆ ಕೈ ಹಿಂದೆ ತೆಗೆದೆ.

ನನ್ನ ಪ್ರಶ್ನೆಗಳು ಇಷ್ಟು. ಡೇಟಾಬೇಸನ್ನು ಮೊದಲು ಮೇಲಕ್ಕೆ ಒಯ್ಯಬೇಕೋ, ಜಾಂಗೋವನ್ನೋ? ಆ ಆಟೋ ಫೀಲ್ಡ್ ಸಾಲನ್ನು ಏನು ಮಾಡಲಿ? ಸೆಟ್ಟಿಂಗ್ಸ್‌ನಲ್ಲಿ ನಾನು ಗಮನಿಸದೆ ಬಿಟ್ಟಿರುವುದು ಇನ್ನೇನಿದೆ? ಸರ್ವರ್ ಸಂಘದ ಕಚೇರಿಯಲ್ಲಿಯೇ ಇದೆ. ಭಾನುವಾರ ಪೂರ್ತಿ ನಿಲ್ಲಿಸಲು ಕಾರ್ಯದರ್ಶಿಗಳು ಒಪ್ಪಿದ್ದಾರೆ, ಸೋಮವಾರ ಬೆಳಿಗ್ಗೆ ಗೇಟಿನ ಹೊರಗೆ ಗಾಡಿಗಳು ನಿಲ್ಲುವ ಹೊತ್ತಿಗೆ ತೂಕದ ಚೀಟಿ ಬರಲೇಬೇಕು.

ಉತ್ತರ (ಹೊಸನಗರದಿಂದ)

ಎಂಜಿನ್ ಹೆಸರಿನ ವಿಷಯದಲ್ಲಿ ನೀವು ಮಾಡಿದ್ದು ಸರಿ. ‘ಪೋಸ್ಟ್‌ಗ್ರೆಸ್‌ಕ್ಯೂಎಲ್’ ಎಂಬ ಚಿಕ್ಕ ಹೆಸರು ಜಾಂಗೋ 1.9ರಿಂದಲೇ ಇದೆ. ಹಳೆಯ ಉದ್ದದ ಹೆಸರನ್ನು 3.0ರಲ್ಲಿ ತೆಗೆದುಹಾಕಿದರು. ಆದ್ದರಿಂದ ಅಪ್‌ಗ್ರೇಡ್‌ಗೆ ಕಾಯದೆ, ಈಗ ಓಡುತ್ತಿರುವ 2.2ರಲ್ಲಿಯೇ ಅದನ್ನು ಬದಲಾಯಿಸಿ, ಒಂದು ವಾರ ಓಡಲು ಬಿಡಬಹುದು.

ಇನ್ನೊಂದು ಮಾತು. 2.2 ಇರುವಷ್ಟು ದಿನ, ಪೈಥಾನನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಸೈಕಾಪ್‌ಜಿ2 ಪ್ಯಾಕೇಜನ್ನು 2.9ಕ್ಕೆ ಏರಿಸಬೇಡಿ. ಯೂಸ್_ಟಿಜೆಡ್ (ಟೈಮ್‌ಜೋನ್ ಬಳಕೆಯ ಸೆಟ್ಟಿಂಗ್) ಆನ್ ಇರುವ ಕಡೆಗಳಲ್ಲಿ ‘ಡೇಟಾಬೇಸ್ ಸಂಪರ್ಕ ಯುಟಿಸಿಯಲ್ಲಿ ಇಲ್ಲ’ ಎಂಬ ದೋಷ ಬಂದು ಪುಟವೇ ತೆರೆಯುವುದಿಲ್ಲ. ರಿಕ್ವೈರ್‌ಮೆಂಟ್ಸ್ ಕಡತದಲ್ಲಿ ಆವೃತ್ತಿಯ ಸಂಖ್ಯೆ ಬರೆಯದೆ ಬಿಟ್ಟವರಿಗೆ ಹೊಸ ಯಂತ್ರದಲ್ಲಿ ಇದು ತಟ್ಟನೆ ಎದುರಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ, ಏಕೆಂದರೆ ಕಾರಣ ಅಲ್ಲಿ ಇರುವುದೇ ಇಲ್ಲ.

ಉತ್ತರ (ಶಿವಮೊಗ್ಗದಿಂದ)

ನಮಸ್ಕಾರ. ಶಿವಮೊಗ್ಗದಲ್ಲಿ ಅಕ್ಕಿ ಗಿರಣಿ, ಶಾಲೆ, ಸೊಸೈಟಿ ಇಂಥ ಸಣ್ಣ ಸಂಸ್ಥೆಗಳ ತಂತ್ರಾಂಶಗಳನ್ನೇ ನೋಡಿಕೊಂಡು ಬಂದವಳು ನಾನು. ನಿಮ್ಮ ಪ್ರಶ್ನೆ ಓದಿದಾಗ ಮೊದಲು ಅನ್ನಿಸಿದ್ದು ಇದು: ನೀವು ಮೂರು ಕೆಲಸಗಳನ್ನು ಒಂದೇ ಭಾನುವಾರಕ್ಕೆ ಕಟ್ಟಿದ್ದೀರಿ. ಜಾಂಗೋ ಏರಿಸುವುದು ಒಂದು, ಪೋಸ್ಟ್‌ಗ್ರೆಸ್ ಮತ್ತು ಯಂತ್ರವನ್ನು ಬದಲಾಯಿಸುವುದು ಇನ್ನೊಂದು, ಟೇಬಲ್‌ಗಳ ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಐಡಿ) ಬಗೆಯನ್ನು ಬದಲಾಯಿಸುವುದು ಮೂರನೆಯದು. ಮೂರನ್ನೂ ಬಿಡಿಸಿ. ಒಟ್ಟಿಗೆ ಮಾಡಿದರೆ ಸೋಮವಾರ ಬೆಳಿಗ್ಗೆ ತೂಕದ ಚೀಟಿ ಬರದಿದ್ದಾಗ ತಪ್ಪು ಯಾವುದರಲ್ಲಿದೆ ಎಂದು ತಿಳಿಯುವುದಿಲ್ಲ, ಹಿಂದಕ್ಕೆ ಹೋಗಬೇಕೆಂದರೆ ಎಷ್ಟು ಹಿಂದಕ್ಕೆ ಹೋಗಬೇಕು ಎಂಬುದೂ ತಿಳಿಯುವುದಿಲ್ಲ.

ಯಾವುದು ಮೊದಲು ಎಂಬುದಕ್ಕೆ ನನ್ನ ಅಭಿಪ್ರಾಯವನ್ನು ಕೇಳಬೇಕಾಗಿಯೇ ಇಲ್ಲ, ಆವೃತ್ತಿಗಳ ಹೊಂದಾಣಿಕೆಯೇ ಹೇಳಿಬಿಡುತ್ತದೆ. ಜಾಂಗೋ 3.2 ಪೈಥಾನ್ 3.6ರ ಮೇಲೆ ಓಡುತ್ತದೆ, ಪೋಸ್ಟ್‌ಗ್ರೆಸ್ 9.6ರಿಂದ ಮೇಲಿನ ಎಲ್ಲದರೊಂದಿಗೂ ಓಡುತ್ತದೆ. ಅಂದರೆ ನಿಮ್ಮ ಹಳೆಯ ಯಂತ್ರವನ್ನು ಮುಟ್ಟದೆಯೇ, ಪೋಸ್ಟ್‌ಗ್ರೆಸ್ 10 ಹಾಗೆಯೇ ಇರುವಾಗಲೇ 2.2ರಿಂದ 3.2ಕ್ಕೆ ಬರಬಹುದು. ಅಲ್ಲಿಂದ ಮುಂದೆ ಸಾಧ್ಯವಿಲ್ಲ. 4.0ಕ್ಕೆ ಪೈಥಾನ್ 3.8 ಬೇಕು, 4.1ಕ್ಕೆ ಪೋಸ್ಟ್‌ಗ್ರೆಸ್ 11, 4.2ಕ್ಕೆ 12, 5.1ಕ್ಕೆ 13, 5.2ಕ್ಕೆ 14. ಇನ್ನು ಹೊಸ ಯಂತ್ರಕ್ಕೆ ಉಬುಂಟು 24.04 ಹಾಕೋಣ ಎಂಬ ಆಸೆ ನಿಮಗಿರಬಹುದು. ಬೇಡ. ಅದರಲ್ಲಿ ಬರುವುದು ಪೈಥಾನ್ 3.12, ಅದರ ಮೇಲೆ ಜಾಂಗೋ 3.2 ನಡೆಯುವುದಿಲ್ಲ. ಉಬುಂಟು 22.04 ಹಾಕಿ. ಅದರಲ್ಲಿ ಪೈಥಾನ್ 3.10 ಮತ್ತು ಪೋಸ್ಟ್‌ಗ್ರೆಸ್ 14 ಇವೆ. ಜಾಂಗೋ 3.2ರ ಕೊನೆಯ ಬಿಡುಗಡೆಗಳು ಈ ಎರಡರ ಮೇಲೂ ಓಡುತ್ತವೆ, 4.2 ಓಡುತ್ತದೆ, 5.2ಕ್ಕೂ ಇವೆರಡೇ ಕನಿಷ್ಠ ಮಿತಿ. ಈ ದಡದಿಂದ ಆ ದಡಕ್ಕೆ ದಾಟಲು ಇರುವ ಕಾಲುಸಂಕ ಅದೊಂದೇ.

ಹಾಗಾಗಿ ಮೊದಲ ಭಾನುವಾರ ಹಳೆಯ ಯಂತ್ರದಲ್ಲಿ 3.2. ಇಲ್ಲಿ ಸೆಟ್ಟಿಂಗ್ಸ್‌ನಲ್ಲಿ ನೀವು ಮಾಡಬೇಕಾದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಲ್ಲುತ್ತದೆ.

ಹೊಸ ಪ್ರಾಜೆಕ್ಟಿನಿಂದ ಸಾಲುಗಳನ್ನು ಎತ್ತಿ ಹಳೆಯದಕ್ಕೆ ಹಾಕಬೇಡಿ. ಹೊಸ ಪ್ರಾಜೆಕ್ಟಿನ ಸೆಟ್ಟಿಂಗ್ಸ್ ಇನ್ನೂ ಒಂದು ಟೇಬಲ್ ಕೂಡ ಇಲ್ಲದವರಿಗಾಗಿ ಬರೆದದ್ದು. ನಿಮ್ಮದು ವರ್ಷಗಳ ಲೆಕ್ಕ ತುಂಬಿರುವ ಡೇಟಾಬೇಸ್. ಅಲ್ಲಿ ‘ಬಿಗ್‌ಆಟೋಫೀಲ್ಡ್’ ಎಂದಿದ್ದರೆ ನಿಮ್ಮಲ್ಲಿ ‘ಆಟೋಫೀಲ್ಡ್’ ಎಂದೇ ಇರಬೇಕು, ಏಕೆಂದರೆ ನಿಮ್ಮ ಟೇಬಲ್‌ಗಳು ಸೃಷ್ಟಿಯಾದದ್ದು ಹಾಗೆ. 3.2ರಲ್ಲಿ ಬರುವ ಡಬ್ಲ್ಯು042 ಎಚ್ಚರಿಕೆ ಕೇಳುವುದು ‘ಯಾವುದೆಂದು ನೀವೇ ಬರೆಯಿರಿ’ ಎಂದಷ್ಟೇ. ‘ಡಿಫಾಲ್ಟ್_ಆಟೋ_ಫೀಲ್ಡ್ = ಆಟೋಫೀಲ್ಡ್’ ಎಂದು ಬರೆದರೂ ಅದು ಸುಮ್ಮನಾಗುತ್ತದೆ. ಬರೆಯದೆ ಬಿಟ್ಟರೆ 5.2ರವರೆಗೆ ತೊಂದರೆಯಿಲ್ಲ, ಆದರೆ 6.0ರಲ್ಲಿ ತಾನಾಗಿಯೇ ಬಿಗ್‌ಆಟೋಫೀಲ್ಡ್ ಆಗುತ್ತದೆ. ಅಂದು ನಿಮ್ಮ ಜಾಗದಲ್ಲಿ ಕೂತಿರುವವರಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಅದಕ್ಕೇ ಈಗಲೇ ಬರೆದಿಡಿ.

ಬಿಗ್‌ಆಟೋಫೀಲ್ಡ್ ಎಂದು ಹಾಕಿ ಮುಂದುವರಿದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಒಂದು, ಪ್ರತಿ ಟೇಬಲ್‌ನ ಐಡಿ ಕಾಲಂ ಇಂಟಿಜರ್‌ನಿಂದ ಬಿಗ್‌ಇಂಟ್‌ಗೆ ಬದಲಾಗಬೇಕು. ಪೋಸ್ಟ್‌ಗ್ರೆಸ್ ಇಡೀ ಟೇಬಲನ್ನು ಹೊಸದಾಗಿ ಬರೆಯುತ್ತದೆ, ಬರೆದು ಮುಗಿಯುವವರೆಗೆ ಯಾರೂ ಅದನ್ನು ಓದಲೂ ಆಗದಂತೆ ಬೀಗ ಹಾಕುತ್ತದೆ. ಎರಡು, ಮೆನಿ-ಟು-ಮೆನಿ ಸಂಬಂಧಗಳಿಗೆ ಜಾಂಗೋ ತಾನೇ ಸೃಷ್ಟಿಸಿದ ನಡುವಿನ ಟೇಬಲ್‌ಗಳ ಪ್ರೈಮರಿ ಕೀಯನ್ನು ಮೈಗ್ರೇಷನ್‌ಗಳು ಬದಲಾಯಿಸುವುದೇ ಇಲ್ಲ, ಅವು ಹಳೆಯದಾಗಿಯೇ ಉಳಿಯುತ್ತವೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ನೀವು ಬಳಸುತ್ತಿರುವ ಬೇರೆಯವರ ಆ್ಯಪ್‌ಗಳಲ್ಲಿ ‘ಡಿಫಾಲ್ಟ್_ಆಟೋ_ಫೀಲ್ಡ್’ ಅನ್ನು ಅವರು ತಮ್ಮಷ್ಟಕ್ಕೆ ಬರೆದುಕೊಂಡಿರದಿದ್ದರೆ, ‘ಮೇಕ್‌ಮೈಗ್ರೇಷನ್ಸ್’ ಅವುಗಳಿಗೂ ಹೊಸ ಕಡತ ಬರೆಯುತ್ತದೆ, ಅದೂ ನಿಮ್ಮ ಕೋಡಿನ ಒಳಗಲ್ಲ, ವರ್ಚುವಲ್ ಎನ್ವಿರಾನ್‌ಮೆಂಟಿನ ಸೈಟ್-ಪ್ಯಾಕೇಜಸ್ ಒಳಗೆ. ಅದು ಗಿಟ್‌ಗೆ ಬರುವುದಿಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುತ್ತದೆ, ಸರ್ವರ್‌ನಲ್ಲಿ ಇರುವುದಿಲ್ಲ. ನಾಳೆ ಆ ಆ್ಯಪ್‌ನವರು ತಮ್ಮದೇ ಮುಂದಿನ ಮೈಗ್ರೇಷನ್ ಬಿಡುಗಡೆ ಮಾಡಿದಾಗ ಎರಡೂ ಒಂದೇ ಕಡೆ ಕವಲೊಡೆದು ನಿಲ್ಲುತ್ತವೆ. ಮೇಕ್‌ಮೈಗ್ರೇಷನ್ಸ್ ಹೊರಟದ್ದನ್ನು ಕಂಡು ನೀವು ಕೈ ಹಿಂದೆ ತೆಗೆದದ್ದು ತುಂಬಾ ಒಳ್ಳೆಯದಾಯಿತು. ಲ್ಯಾಪ್‌ಟಾಪಿನ ಆ ಎನ್ವಿರಾನ್‌ಮೆಂಟನ್ನು ಅಳಿಸಿ ಹೊಸದು ಮಾಡಿಕೊಳ್ಳಿ.

ಇಂಟಿಜರ್ ಎಲ್ಲಿಗೆ ಮುಗಿಯುತ್ತದೆ ಎಂಬ ಆತಂಕವೂ ಬೇಡ. ಅದರ ಮಿತಿ 2,14,74,83,647, ಅಂದರೆ 214 ಕೋಟಿಗೂ ಹೆಚ್ಚು. ಒಂದು ತಾಲ್ಲೂಕಿನ ಸಂಘದ ತೂಕದ ಚೀಟಿಗಳು ಆ ಸಂಖ್ಯೆಯ ಹತ್ತಿರವೂ ಸುಳಿಯುವುದಿಲ್ಲ. ಎಂದಾದರೂ ಒಂದು ಟೇಬಲ್‌ಗೆ ಬೇಕೆನಿಸಿದರೆ ಆ ಮಾಡೆಲ್‌ನಲ್ಲಿ ಮಾತ್ರ ಐಡಿಯನ್ನು ಬಿಗ್‌ಆಟೋಫೀಲ್ಡ್ ಎಂದು ಬರೆದರೆ ಸಾಕು. ಹೊಸದಾಗಿ ಸೇರಿಸುವ ಆ್ಯಪ್‌ಗೆ ಅದರ ಆ್ಯಪ್‌ಕಾನ್ಫಿಗ್‌ನಲ್ಲಿ ಬೇರೆಯಾಗಿ ಬರೆಯಬಹುದು.

ಇನ್ನು ನೀವು ಗಮನಿಸದೆ ಬಿಟ್ಟಿರಬಹುದಾದ ಸಾಲು: ‘ಯೂಸ್_ಟಿಜೆಡ್’. ಅದು ನಿಮ್ಮ ಸೆಟ್ಟಿಂಗ್ಸ್‌ನಲ್ಲಿ ಇದೆಯೇ ನೋಡಿ. ಸೆಟ್ಟಿಂಗ್ಸ್ ಕಡತವನ್ನು ಒಡೆದು ಎರಡು ಮೂರು ಮಾಡುವಾಗ ಅದು ಬಿದ್ದುಹೋಗಿರುವುದನ್ನು ಹಲವು ಕಡೆ ಕಂಡಿದ್ದೇನೆ. ಆ ಸಾಲು ಇಲ್ಲದಿದ್ದರೆ 4.2ರವರೆಗೆ ಅದರ ಅರ್ಥ ‘ಇಲ್ಲ’, 5.0ರಿಂದ ಅದರ ಅರ್ಥ ‘ಹೌದು’. ಒಂದು ಅಕ್ಷರವನ್ನೂ ತಿದ್ದದೆ ವರ್ತನೆ ಬದಲಾಗುತ್ತದೆ. ಈಗ ಹೇಗಿದೆಯೋ ಹಾಗೆಯೇ ಸ್ಪಷ್ಟವಾಗಿ ಬರೆದಿಡಿ.

ಇಷ್ಟಾದ ಮೇಲೆ ‘ಮೇಕ್‌ಮೈಗ್ರೇಷನ್ಸ್’ ಅನ್ನು ‘ಚೆಕ್’ ಮತ್ತು ‘ಡ್ರೈ-ರನ್’ ಆಯ್ಕೆಗಳೊಂದಿಗೆ ಓಡಿಸಿ. ‘ಯಾವ ಬದಲಾವಣೆಯೂ ಇಲ್ಲ’ ಎಂಬ ಉತ್ತರ ಬರಬೇಕು. ಅದು ಬರುವವರೆಗೆ ಮುಂದಿನ ಹೆಜ್ಜೆ ಇಡಬೇಡಿ. ಬಳಕೆದಾರರ ಮಾಡೆಲನ್ನು ನೀವೇ ಬರೆದುಕೊಂಡಿದ್ದರೆ ‘ಫಸ್ಟ್_ನೇಮ್’ ಉದ್ದ 30ರಿಂದ 150ಕ್ಕೆ ಏರುವ ಒಂದು ಮೈಗ್ರೇಷನ್ ಬರುತ್ತದೆ, ಅದು ಸಹಜ. ಜಾಂಗೋ 3.1 ತಂದ ಬದಲಾವಣೆ ಅದು. ಸ್ವಂತ ಮಾಡೆಲ್ ಇಲ್ಲದವರಿಗೆ ಅದೇ ಬದಲಾವಣೆ ಜಾಂಗೋದ ಬಳಕೆದಾರರ ವಿಭಾಗವಾದ ಆತ್ ಆ್ಯಪ್‌ನ 0012ನೇ ಮೈಗ್ರೇಷನ್ ಆಗಿ ‘ಮೈಗ್ರೇಟ್’ ಮಾಡಿದಾಗ ಬರುತ್ತದೆ. ಬೇರೆ ಏನೇ ಕಂಡರೂ ‘ಎಸ್‌ಕ್ಯೂಎಲ್‌ಮೈಗ್ರೇಟ್’ ಓಡಿಸಿ ಡೇಟಾಬೇಸ್‌ಗೆ ಹೋಗಲಿರುವ ಆಜ್ಞೆಯನ್ನು ಕಣ್ಣಾರೆ ಓದಿ.

ಎರಡನೆಯ ಭಾನುವಾರ ಯಂತ್ರ ಮತ್ತು ಡೇಟಾಬೇಸ್. ಕೋಡ್ 3.2ರಲ್ಲಿಯೇ ಇರಲಿ. ಹಳೆಯ ಪೋಸ್ಟ್‌ಗ್ರೆಸ್ 10ರಿಂದ ಡಂಪ್ (ಡೇಟಾದ ಪೂರ್ತಿ ಪ್ರತಿ) ತೆಗೆಯುವಾಗ ಹೊಸ ಯಂತ್ರದ ‘ಪಿಜಿ_ಡಂಪ್ 14’ ಬಳಸಿ, ಹಳೆಯ ಸರ್ವರ್‌ನಿಂದ ಓದಲು ಅದಕ್ಕೆ ಬರುತ್ತದೆ. ಡೇಟಾ ಡೈರೆಕ್ಟರಿಯನ್ನೇ ನಕಲು ಮಾಡಿ ಅಲ್ಲೇ ಮೇಲಕ್ಕೆ ಏರಿಸುವ ದಾರಿಯನ್ನು ಮಾತ್ರ ಹಿಡಿಯಬೇಡಿ. ಅಕ್ಷರಗಳ ವರಸೆಯನ್ನು ನಿರ್ಧರಿಸುವ ಗ್ಲಿಬ್‌ಸಿ ಲೈಬ್ರರಿಯ ನಿಯಮಗಳು 2.28ನೇ ಆವೃತ್ತಿಯಲ್ಲಿ ಬಹಳವಾಗಿ ಬದಲಾದವು. ಉಬುಂಟು 18.04 ಇರುವುದು ಅದಕ್ಕಿಂತ ಹಿಂದೆ, 22.04 ಅದಕ್ಕಿಂತ ಮುಂದೆ. ಹಳೆಯ ವರಸೆಯಲ್ಲಿ ಕಟ್ಟಿದ ಇಂಡೆಕ್ಸನ್ನು ಹೊಸ ವರಸೆಯಲ್ಲಿ ಹುಡುಕಿದರೆ ಇರುವ ಸದಸ್ಯರೇ ‘ಇಲ್ಲ’ ಎಂದು ಬರಬಹುದು, ಯುನೀಕ್ ಎಂದಿರುವ ಕಡೆ ಒಂದೇ ಹೆಸರು ಎರಡು ಸಲ ನುಸುಳಬಹುದು. ಡಂಪ್ ತೆಗೆದು ರಿಸ್ಟೋರ್ ಮಾಡಿದರೆ ಇಂಡೆಕ್ಸ್‌ಗಳು ಹೊಸದಾಗಿಯೇ ಕಟ್ಟಲ್ಪಡುತ್ತವೆ, ಈ ಭಯ ಇರುವುದಿಲ್ಲ. ಹೊಸ ಡೇಟಾಬೇಸ್ ಸೃಷ್ಟಿಸುವ ಮೊದಲು ಹಳೆಯದರ ಎನ್‌ಕೋಡಿಂಗ್ ಮತ್ತು ಕೊಲೇಷನ್ ಏನೆಂದು ಬರೆದುಕೊಂಡು, ಅದನ್ನೇ ಕೊಡಿ. ಇಲ್ಲವಾದರೆ ಕನ್ನಡ ಹೆಸರುಗಳಿರುವ ಸದಸ್ಯರ ಪಟ್ಟಿಯ ವರಸೆ ಬದಲಾಗಿ, ಹಿಂದೆ ಮುದ್ರಿಸಿದ ಪುಸ್ತಕಕ್ಕೂ ಪರದೆಗೂ ತಾಳೆಯಾಗುವುದಿಲ್ಲ. ರಿಸ್ಟೋರ್ ಮುಗಿದ ಮೇಲೆ ‘ಅನಲೈಜ್’ ಓಡಿಸುವುದನ್ನು ಮರೆಯಬೇಡಿ. ಓಡಿಸದಿದ್ದರೆ ಮೊದಲ ದಿನ ಎಲ್ಲವೂ ನಿಧಾನವಾಗಿ, ಹೊಸ ಯಂತ್ರವೇ ಸರಿಯಿಲ್ಲ ಎಂಬ ದೂರು ಬರುತ್ತದೆ.

ಪಾಸ್‌ವರ್ಡ್ ವಿಷಯದಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಒಂದಿದೆ. ಪೋಸ್ಟ್‌ಗ್ರೆಸ್ 14ರಿಂದ ಪಾಸ್‌ವರ್ಡ್ ಗೂಢಲೇಖನದ ಸಹಜ ಆಯ್ಕೆ ‘ಎಂಡಿ5’ ಬಿಟ್ಟು ‘ಸ್ಕ್ರಾಮ್-ಎಸ್‌ಎಚ್‌ಎ-256’ ಆಯಿತು. ಹಳೆಯ ಬಳಕೆದಾರರನ್ನು ಡಂಪ್‌ನಿಂದಲೇ ತಂದಿದ್ದರೆ ಅವರ ಪಾಸ್‌ವರ್ಡ್ ಎಂಡಿ5 ರೂಪದಲ್ಲಿಯೇ ಇರುತ್ತದೆ, ಯಾರು ಹೇಗೆ ಒಳಬರಬಹುದೆಂದು ಹೇಳುವ, ಹೊಸ ಸರ್ವರ್‌ನ ‘ಪಿಜಿ_ಎಚ್‌ಬಿಎ’ ಕಡತ ಸ್ಕ್ರಾಮ್ ಕೇಳುತ್ತದೆ. ಪಾಸ್‌ವರ್ಡ್ ಸರಿಯಾಗಿಯೇ ಇದ್ದರೂ ‘ದೃಢೀಕರಣ ವಿಫಲ’ ಎಂಬ ಉತ್ತರ ಬರುತ್ತದೆ. ಅದೇ ಪಾಸ್‌ವರ್ಡನ್ನು ಹೊಸ ಸರ್ವರ್‌ನಲ್ಲಿ ಇನ್ನೊಮ್ಮೆ ಹೊಂದಿಸಿದರೆ ಸರಿಹೋಗುತ್ತದೆ. ‘ಪಿಜಿ_ಎಚ್‌ಬಿಎ’ಯನ್ನು ಸಡಿಲ ಮಾಡಿ ದಾರಿ ಹುಡುಕಬೇಡಿ. ಹಾಗೆಯೇ ಸೆಟ್ಟಿಂಗ್ಸ್‌ನಲ್ಲಿ ‘ಹೋಸ್ಟ್’ ಖಾಲಿಯಿದ್ದರೆ ಸಂಪರ್ಕ ಯೂನಿಕ್ಸ್ ಸಾಕೆಟ್ ಮೂಲಕ ಹೋಗುತ್ತದೆ, ಅಲ್ಲಿ ಪಾಸ್‌ವರ್ಡ್ ಬದಲು ಯಂತ್ರದ ಬಳಕೆದಾರನ ಹೆಸರನ್ನು ನೋಡುತ್ತಾರೆ. ಹಳೆಯ ಯಂತ್ರದಲ್ಲಿ ಆ ಹೆಸರಿನ ಬಳಕೆದಾರನಿದ್ದು ಹೊಸದರಲ್ಲಿ ಇಲ್ಲದಿದ್ದರೆ ಅಲ್ಲಿಯೇ ನಿಲ್ಲುತ್ತದೆ.

ಮೂರನೆಯ ಭಾನುವಾರ 4.2, ಅದು ನೆಲೆ ನಿಂತ ಮೇಲೆ 5.2. ಇಲ್ಲಿ ಡೇಟಾಬೇಸ್ ಸೆಟ್ಟಿಂಗ್ಸ್‌ನ ಕೆಲಸ ಕಡಿಮೆ. ಪೋಸ್ಟ್‌ಗ್ರೆಸ್‌ಗೇ ಮೀಸಲಾಗಿದ್ದ ಜೇಸನ್‌ಫೀಲ್ಡ್ ಮತ್ತು ನಲ್‌ಬೂಲಿಯನ್‌ಫೀಲ್ಡ್ 4.0ರಲ್ಲಿ ಹೋದವು. ಹಳೆಯ ಮೈಗ್ರೇಷನ್ ಕಡತಗಳಲ್ಲಿ ಅವು ಇದ್ದರೆ ಇರಲಿ, ಮಾಡೆಲ್‌ಗಳಲ್ಲಿ ಮಾತ್ರ ಹೊಸದಕ್ಕೆ ಬದಲಾಯಿಸಿ. ಡೇಟಾಬೇಸ್‌ನಲ್ಲಿ ಕಾಲಂ ಮೊದಲಿನಂತೆ ‘ಜೇಸನ್‌ಬಿ’ ಆಗಿಯೇ ಉಳಿಯುತ್ತದೆ. ಸೈಕಾಪ್‌ಜಿ 3ಕ್ಕೆ ಹೋಗಬೇಕೆಂದರೆ 4.2ರಿಂದ ಸಾಧ್ಯ, ಎಂಜಿನ್ ಸಾಲು ಬದಲಾಗುವುದಿಲ್ಲ, ಪ್ಯಾಕೇಜ್ ಮಾತ್ರ ಬದಲಾಗುತ್ತದೆ. ಆದರೆ ಅದನ್ನೂ ಅದೇ ದಿನ ಮಾಡಬೇಡಿ, 5.2 ಕೂಡ ಸೈಕಾಪ್‌ಜಿ2 ಜೊತೆಗೆ ಓಡುತ್ತದೆ. ‘ಕಾನ್_ಮ್ಯಾಕ್ಸ್_ಏಜ್’ (ಸಂಪರ್ಕವನ್ನು ತೆರೆದಿಡುವ ಅವಧಿ) ಬಳಸುತ್ತಿದ್ದರೆ 4.1ರಲ್ಲಿ ಬಂದ ‘ಕಾನ್_ಹೆಲ್ತ್_ಚೆಕ್ಸ್’ ಅನ್ನು ಟ್ರೂ ಮಾಡಿ. ಡೇಟಾಬೇಸ್ ಒಮ್ಮೆ ನಿಂತು ಮತ್ತೆ ಎದ್ದಾಗ ಸತ್ತ ಸಂಪರ್ಕವನ್ನೇ ಹಿಡಿದುಕೊಂಡು ದೋಷ ತೋರಿಸುವುದನ್ನು ಅದು ತಪ್ಪಿಸುತ್ತದೆ. 5.1ರಲ್ಲಿ ಬಂದ ಪೂಲ್ ಸೌಲಭ್ಯ ನಿಮಗೆ ಬೇಕಿಲ್ಲ. ಅದಕ್ಕೆ ಸೈಕಾಪ್‌ಜಿ 3 ಬೇಕು, ‘ಕಾನ್_ಮ್ಯಾಕ್ಸ್_ಏಜ್’ ಜೊತೆಗೆ ಅದು ಕೂಡಿಬರುವುದೂ ಇಲ್ಲ.

ಡೇಟಾಬೇಸ್‌ಗೆ ಸಂಬಂಧಿಸದಿದ್ದರೂ ಹೇಳುತ್ತೇನೆ: 4.0ರಿಂದ ‘ಸಿಎಸ್‌ಆರ್‌ಎಫ್_ಟ್ರಸ್ಟೆಡ್_ಆರಿಜಿನ್ಸ್’ ಪಟ್ಟಿಯ (ಫಾರಂ ಕಳುಹಿಸಲು ನಂಬುವ ತಾಣಗಳ ಪಟ್ಟಿ) ವಿಳಾಸಗಳ ಮುಂದೆ, ತಾಣ ಯಾವುದನ್ನು ಬಳಸುತ್ತದೆಯೋ ಅದರಂತೆ, ಎಚ್‌ಟಿಟಿಪಿ ಅಥವಾ ಎಚ್‌ಟಿಟಿಪಿಎಸ್ ಸೇರಿಸಲೇಬೇಕು. ಸೇರಿಸದಿದ್ದರೆ ಡೇಟಾಬೇಸ್ ಎಷ್ಟೇ ಚೆನ್ನಾಗಿದ್ದರೂ ತೂಕದ ಫಾರಂ ಸೇವ್ ಆಗದೆ ಉಳಿಯಬಹುದು.

ಮರುಪ್ರಶ್ನೆ (ಸಾಗರದಿಂದ)

ಮೇಡಂ, ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಕೃತಜ್ಞತೆಗಳು. ಕಾರ್ಯದರ್ಶಿಗಳ ಬಳಿ ಮಾತನಾಡಿ ಒಂದರ ಬದಲು ಬೇರೆ ಬೇರೆ ಭಾನುವಾರಗಳನ್ನು ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ.

ನೀವು ಹೇಳಿದಂತೆಯೇ ಯೂಸ್_ಟಿಜೆಡ್ ಸಾಲು ನಮ್ಮಲ್ಲಿ ಇಲ್ಲವೇ ಇಲ್ಲ. ‘ಟೈಮ್_ಜೋನ್’ ಮಾತ್ರ ಏಷ್ಯಾ/ಕೋಲ್ಕತಾ ಎಂದಿದೆ. ಈಗ ‘ಫಾಲ್ಸ್’ ಎಂದು ಬರೆದಿಡುತ್ತೇನೆ. ಆದರೆ ಮುಂದೆ ‘ಟ್ರೂ’ ಮಾಡಬೇಕಾಗಿ ಬಂದರೆ ಹಳೆಯ ದಾಖಲೆಗಳ ಸಮಯವೆಲ್ಲ ಐದೂವರೆ ಗಂಟೆ ಆಚೀಚೆ ಆಗುತ್ತದೆಯೇ? ಮುಂಗಡದ ಬಡ್ಡಿಯನ್ನು ಲೆಕ್ಕ ಹಾಕುವ ಕೆಲಸ ಮಧ್ಯರಾತ್ರಿ ಕಳೆದ ಮೇಲೆ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಓಡುತ್ತದೆ. ಬಡ್ಡಿಯ ದಿನ ಒಂದು ಹೆಚ್ಚುಕಡಿಮೆಯಾದರೂ ಸದಸ್ಯರು ಬಂದು ಕೇಳುತ್ತಾರೆ, ಕೇಳುವುದು ಅವರ ಹಕ್ಕು.

ಉತ್ತರ (ಶಿವಮೊಗ್ಗದಿಂದ)

ನಿಮ್ಮದು ಪೋಸ್ಟ್‌ಗ್ರೆಸ್ ಆದ್ದರಿಂದ ಹಳೆಯ ದಾಖಲೆಗಳಿಗೆ ಏನೂ ಆಗುವುದಿಲ್ಲ. ಯೂಸ್_ಟಿಜೆಡ್ ಏನೇ ಇರಲಿ, ಜಾಂಗೋ ಪೋಸ್ಟ್‌ಗ್ರೆಸ್‌ನಲ್ಲಿ ಸೃಷ್ಟಿಸುವುದು ಟೈಮ್‌ಜೋನ್ ಸಹಿತವಾದ ಕಾಲಂ. ಒಳಗೆ ಯುಟಿಸಿಯಲ್ಲಿಯೇ ಕೂತಿರುತ್ತದೆ, ಓದುವಾಗ ಸಂಪರ್ಕದ ಟೈಮ್‌ಜೋನ್‌ಗೆ ತಕ್ಕಂತೆ ಬದಲಾಗಿ ಬರುತ್ತದೆ. ಟ್ರೂ ಮಾಡಿ, ಫಾಲ್ಸ್ ಮಾಡಿ, ಮತ್ತೆ ಟ್ರೂ ಮಾಡಿ, ಡೇಟಾ ಹಾಗೆಯೇ ಇರುತ್ತದೆ. ಮೈಎಸ್‌ಕ್ಯೂಎಲ್ ಅಥವಾ ಎಸ್‌ಕ್ಯೂಲೈಟ್ ಆಗಿದ್ದರೆ ಮಾತು ಬೇರೆ. ಅಲ್ಲಿ ಸ್ಥಳೀಯ ಸಮಯವೇ ಬರಿದಾಗಿ ಬರೆದಿರುತ್ತದೆ, ಬದಲಾಯಿಸುವ ಮುನ್ನ ಎಲ್ಲ ಸಾಲುಗಳನ್ನೂ ಯುಟಿಸಿಗೆ ಪರಿವರ್ತಿಸಬೇಕು.

ನಿಮಗೆ ಅಪಾಯವಿರುವುದು ಕೋಡಿನಲ್ಲಿ. ಬಡ್ಡಿಯ ಕಡತದಲ್ಲಿ ದಿನಾಂಕ ಹೇಗೆ ತೆಗೆದುಕೊಂಡಿದ್ದಾರೆ ನೋಡಿ. ‘ಟೈಮ್‌ಜೋನ್.ನೌ’ ಕರೆದು ಅದರ ‘ಡೇಟ್’ ತೆಗೆದಿದ್ದರೆ, ಫಾಲ್ಸ್ ಇರುವಷ್ಟು ದಿನ ನಮ್ಮ ದಿನಾಂಕವೇ ಬರುತ್ತದೆ. ಟ್ರೂ ಆದ ಕೂಡಲೇ ಯುಟಿಸಿ ದಿನಾಂಕ ಬರುತ್ತದೆ. ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಿಗ್ಗೆ ಐದೂವರೆಯವರೆಗೆ ಅಲ್ಲಿ ಇನ್ನೂ ಹಿಂದಿನ ದಿನ. ನಿಮ್ಮ ಕ್ರಾನ್ ಓಡುವುದು ಸರಿಯಾಗಿ ಅದೇ ಹೊತ್ತಿನಲ್ಲಿ. ಹಗಲಿನಲ್ಲಿ ಕೂತು ಎಷ್ಟು ಪರೀಕ್ಷೆ ಮಾಡಿದರೂ ಈ ತಪ್ಪು ಸಿಗುವುದಿಲ್ಲ. ಅದನ್ನು ‘ಟೈಮ್‌ಜೋನ್.ಲೋಕಲ್‌ಡೇಟ್’ ಎಂದು ತಿದ್ದಿ. ಒಂದು ಎಚ್ಚರ: ಯೂಸ್_ಟಿಜೆಡ್ ಫಾಲ್ಸ್ ಇರುವಾಗ ‘ಲೋಕಲ್‌ಡೇಟ್’ ದೋಷ ಕೊಡುತ್ತದೆ. ಹಾಗಾಗಿ ಆ ತಿದ್ದುಪಡಿ ಮತ್ತು ಯೂಸ್_ಟಿಜೆಡ್ ಬದಲಾವಣೆ ಎರಡೂ ಒಟ್ಟಿಗೆ, ಒಂದೇ ಕಮಿಟ್‌ನಲ್ಲಿ ಹೋಗಬೇಕು, ಅದೂ 5.2 ನೆಲೆ ನಿಂತ ಮೇಲೆ.

ಉತ್ತರ (ತೀರ್ಥಹಳ್ಳಿಯಿಂದ)

ಮೇಡಂ ಹೇಳಿದ ಕ್ರಮವನ್ನು ನಾನೂ ಒಪ್ಪುತ್ತೇನೆ. ಸೇರಿಸಬೇಕಾದದ್ದು ಕರೆಂಟಿನ ವಿಷಯ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತದೆ? ಸರ್ವರ್ ಕಚೇರಿಯಲ್ಲಿಯೇ ಇದೆ ಎಂದಿದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ.

ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಬದಲಾಯಿಸುವ ಆಜ್ಞೆಗಳೂ ವಹಿವಾಟಿನ (ಟ್ರಾನ್ಸಾಕ್ಷನ್) ಒಳಗೇ ನಡೆಯುತ್ತವೆ. ಜಾಂಗೋ ಒಂದೊಂದು ಮೈಗ್ರೇಷನನ್ನೂ ಒಂದೊಂದು ವಹಿವಾಟಾಗಿ ಓಡಿಸುತ್ತದೆ. ನಡುವೆ ಕರೆಂಟ್ ಹೋದರೆ ಅರ್ಧ ಆದದ್ದು ಪೂರ್ತಿ ಹಿಂದಕ್ಕೆ ಹೋಗುತ್ತದೆ, ಮತ್ತೆ ‘ಮೈಗ್ರೇಟ್’ ಎಂದರೆ ಅಲ್ಲಿಂದಲೇ ಶುರು. ಮೈಎಸ್‌ಕ್ಯೂಎಲ್‌ನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಪ್ರತಿ ಆಲ್ಟರ್ ಟೇಬಲ್ ಆಗಿಂದಾಗ ಖಾಯಂ ಆಗುತ್ತದೆ. ಐದು ಕಾಲಂ ಸೇರಿಸುವ ಮೈಗ್ರೇಷನ್ ಮೂರರ ಬಳಿ ನಿಂತರೆ, ಮುಂದಿನ ಸಲ ‘ಈ ಕಾಲಂ ಈಗಾಗಲೇ ಇದೆ’ ಎಂದು ನಿಲ್ಲುತ್ತದೆ, ಕೈಯಿಂದಲೇ ಬಿಡಿಸಬೇಕು. ನಾನು ನೋಡಿಕೊಳ್ಳುವ ಹೋಂಸ್ಟೇ ಬುಕಿಂಗ್ ತಾಣ ಮೈಎಸ್‌ಕ್ಯೂಎಲ್‌ನಲ್ಲಿದೆ. ಅದರ ಮೈಗ್ರೇಷನ್‌ಗಳನ್ನು ನಾನು ಚಿಕ್ಕ ಚಿಕ್ಕದಾಗಿ ಒಡೆದೇ ಬರೆಯುತ್ತೇನೆ.

ಇದನ್ನು ಓದುವ ಮೈಎಸ್‌ಕ್ಯೂಎಲ್‌ನವರಿಗೆ ಇನ್ನೂ ಒಂದು ಮಾತು. 4.2ರಿಂದ ಮೈಎಸ್‌ಕ್ಯೂಎಲ್ 5.7 ನಡೆಯುವುದಿಲ್ಲ, 8 ಬೇಕು. 5.2ರಲ್ಲಿ ಸಂಪರ್ಕದ ಸಹಜ ಅಕ್ಷರಗಣ ‘ಯುಟಿಎಫ್8’ ಬದಲು ‘ಯುಟಿಎಫ್8ಎಂಬಿ4’ ಆಗಿದೆ. ಕನ್ನಡದ ಪ್ರತಿ ಅಕ್ಷರಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ, ಆದ್ದರಿಂದ ಹಳೆಯ ಮೂರು ಬೈಟಿನ ಗಣದಲ್ಲಿಯೂ ಕನ್ನಡ ಸರಿಯಾಗಿಯೇ ಕೂರುತ್ತಿತ್ತು. ಕೂರದೆ ದೋಷ ಬರುತ್ತಿದ್ದುದು ಅತಿಥಿಗಳು ಅಭಿಪ್ರಾಯದ ಜೊತೆ ಹಾಕುವ ಎಮೋಜಿಗಳಿಂದ, ಅವಕ್ಕೆ ನಾಲ್ಕು ಬೈಟ್ ಬೇಕು. ಆದರೆ ಸೆಟ್ಟಿಂಗ್ಸ್ ಬದಲಾದ ಮಾತ್ರಕ್ಕೆ ಹಳೆಯ ಟೇಬಲ್‌ಗಳು ಬದಲಾಗುವುದಿಲ್ಲ, ಅವನ್ನು ಬೇರೆಯಾಗಿ ಪರಿವರ್ತಿಸಬೇಕು. ತೀರಾ ಹಳೆಯ ‘ಕಾಂಪ್ಯಾಕ್ಟ್’ ಬಗೆಯ ಟೇಬಲ್‌ಗಳಲ್ಲಿ ಇಂಡೆಕ್ಸ್‌ನ ಮಿತಿ 767 ಬೈಟ್, ನಾಲ್ಕು ಬೈಟಿನ 255 ಅಕ್ಷರಗಳು ಅದರಲ್ಲಿ ಹಿಡಿಯುವುದಿಲ್ಲ. ಮೊದಲು ಅವನ್ನು ‘ಡೈನಮಿಕ್’ ಮಾಡಿಕೊಳ್ಳಿ.

ಮರುಪ್ರಶ್ನೆ (ಸಾಗರದಿಂದ)

ಹಳೆಯ ಯಂತ್ರದಲ್ಲಿ 3.2 ಓಡುತ್ತಿದೆ. ಎಂಜಿನ್ ಹೆಸರು ಬದಲಾಯಿಸಿ, ಆಟೋಫೀಲ್ಡ್ ಮತ್ತು ಯೂಸ್_ಟಿಜೆಡ್ ಸಾಲುಗಳನ್ನು ಬರೆದ ಮೇಲೆ ಡ್ರೈ-ರನ್ ‘ಬದಲಾವಣೆ ಇಲ್ಲ’ ಎಂದಿತು. ‘ಮೈಗ್ರೇಟ್’ಗೆ ‘ಪ್ಲಾನ್’ ಆಯ್ಕೆ ಕೊಟ್ಟಾಗ ಕಂಡದ್ದು ಆತ್‌ನ 0012 ಒಂದೇ. ತೂಕದ ಚೀಟಿಗಳು, ದಿನದ ಕೊನೆಯ ಜಮೆಪಟ್ಟಿ ಎಲ್ಲ ಹಿಂದಿನಂತೆಯೇ ಬರುತ್ತಿವೆ.

ಒಂದೇ ಸಂದೇಹ. ಪೋಸ್ಟ್‌ಗ್ರೆಸ್ 14ಕ್ಕೂ 2026ರ ನವೆಂಬರ್‌ಗೆ ಬೆಂಬಲ ಮುಗಿಯುತ್ತದೆ ಎಂದು ಓದಿದೆ. ಹಾಗಾದರೆ ಈಗಲೇ 22.04ರ ಮೇಲೆ 16 ಹಾಕಿಕೊಳ್ಳುವುದು ಮೇಲಲ್ಲವೇ?

ಉತ್ತರ (ಶಿವಮೊಗ್ಗದಿಂದ)

ಒಳ್ಳೆಯ ಸುದ್ದಿ. 16 ಬೇಕು, ಆದರೆ ಈಗ ಬೇಡ. 5.2 ನೆಲೆ ನಿಂತ ಮೇಲೆ ಅದಕ್ಕೊಂದು ಪ್ರತ್ಯೇಕ ಭಾನುವಾರ ಇಟ್ಟುಕೊಳ್ಳಿ. ಪೋಸ್ಟ್‌ಗ್ರೆಸ್ ತಂಡದವರದೇ ಪ್ಯಾಕೇಜ್ ಭಂಡಾರದಿಂದ 22.04ರ ಮೇಲೆ 16 ಸಿಗುತ್ತದೆ.

ಅಂದು ಎದುರಾಗುವುದನ್ನು ಈಗಲೇ ಹೇಳಿಡುತ್ತೇನೆ. ಪೋಸ್ಟ್‌ಗ್ರೆಸ್ 15ರಿಂದ ಹೊಸದಾಗಿ ಸೃಷ್ಟಿಸಿದ ಡೇಟಾಬೇಸ್‌ನ ‘ಪಬ್ಲಿಕ್’ ಸ್ಕೀಮಾದಲ್ಲಿ ಟೇಬಲ್ ಸೃಷ್ಟಿಸುವ ಹಕ್ಕು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ, ಡೇಟಾಬೇಸ್‌ನ ಒಡೆಯನಿಗೆ ಮಾತ್ರ. ಹಳೆಯ ಡಂಪ್ ರಿಸ್ಟೋರ್ ಮಾಡಿದರೆ ಹಳೆಯ ಹಕ್ಕುಗಳೇ ಉಳಿಯುತ್ತವೆ, ಹಾಗಾಗಿ ಮುಖ್ಯ ಡೇಟಾಬೇಸ್‌ನಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ. ಪರೀಕ್ಷೆಗೆಂದು ಲ್ಯಾಪ್‌ಟಾಪಿನಲ್ಲಿ ಖಾಲಿ ಡೇಟಾಬೇಸನ್ನು ಪೋಸ್ಟ್‌ಗ್ರೆಸ್ ಬಳಕೆದಾರನಾಗಿ ಸೃಷ್ಟಿಸಿ, ಜಾಂಗೋದ ಬಳಕೆದಾರನಿಂದ ‘ಮೈಗ್ರೇಟ್’ ಓಡಿಸಿದಾಗ ‘ಪಬ್ಲಿಕ್ ಸ್ಕೀಮಾಗೆ ಅನುಮತಿ ಇಲ್ಲ’ ಎಂದು ಬರುತ್ತದೆ. ಡೇಟಾಬೇಸ್ ಸೃಷ್ಟಿಸುವಾಗಲೇ ಜಾಂಗೋದ ಬಳಕೆದಾರನನ್ನು ಒಡೆಯನನ್ನಾಗಿ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ‘ಯೂಸರ್’ ಸಾಲಿನಲ್ಲಿರುವ ಹೆಸರು ಮತ್ತು ಒಡೆಯನ ಹೆಸರು ಒಂದೇ ಆಗಿದ್ದರೆ ಬೇರೆ ಯಾವ ಹಕ್ಕನ್ನೂ ಕೊಡಬೇಕಾಗಿಲ್ಲ.